ನೈಋತ್ಯದ ಎಸಳು

ಗ್ಲೆನಿಸ್ ಪಾಸ್ಕೋ ಯಾರನ್ನೂ ನಂಬುತ್ತಿರಲಿಲ್ಲ. ಇದು ನಾನು ಬೆನ್ನ ಹಿಂದೆ ಆಡುತ್ತಿರುವ ಮಾತಲ್ಲ, ಅವಳ ಮುಖಕ್ಕೇ ಎಷ್ಟೋ ಸಲ ಹೇಳಿದ್ದೇನೆ. ಹೆದ್ದಾರಿಯ ಬದಿಯಲ್ಲಿ ನನ್ನದೊಂದು ಪೆಟ್ರೋಲ್ ಬಂಕು, ಅದಕ್ಕೆ ಅಂಟಿಕೊಂಡು ಒಂದು ಸಣ್ಣ ಹೋಟೆಲು. ಅಲ್ಲಿಗೆ ಬಂದು ಕೂತಳೆಂದರೆ, ಮಾಂಸದ ಪೈ ತಟ್ಟೆಗೆ ಬಿದ್ದ ಕೂಡಲೇ ಅದರ ತಳ ಎತ್ತಿ ನೋಡುವಳು.

"ಏನೇ ಹುಡುಕ್ತಿದೀಯ ಅಲ್ಲಿ, ನಿಧಿ ಏನಾದ್ರೂ ಇದೆಯಾ?"

"ನಿನ್ನೆದೋ ಇವತ್ತಿಂದೋ ಅಂತ ನೋಡ್ದೆ, ಕಾರ್ಮೆಲ್."

ನಿನ್ನೆಯದೇ ಆಗಿರುತ್ತಿತ್ತು, ಅದು ಬೇರೆ ಮಾತು. ಆದರೆ ಊರಿನ ಮಿಕ್ಕ ಜನ ಅದನ್ನೇ ತೆಪ್ಪಗೆ ತಿಂದು ಹೋಗುತ್ತಿರಲಿಲ್ಲವೇ? ಇವಳೊಬ್ಬಳಿಗೆ ಏನು ರೋಗ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳನ್ನು ಹಾಗೆ ಮಾಡಿದ್ದು ತೂಕದ ಕಟ್ಟೆ. ನಮ್ಮ ಊರು ಟೂಲಿನ್‌ಗೆ ಗೋಧಿಯೇ ಜೀವ. ಸುಗ್ಗಿ ಬಂತೆಂದರೆ ರೈತರ ಲಾರಿಗಳು ಕಣಜದ ಮುಂದೆ ಸಾಲು ನಿಲ್ಲುತ್ತವೆ. ತುಂಬಿದ ಲಾರಿಯನ್ನು ಒಮ್ಮೆ ತೂಗಬೇಕು, ಧಾನ್ಯ ಸುರಿದ ಮೇಲೆ ಖಾಲಿ ಲಾರಿಯನ್ನು ಇನ್ನೊಮ್ಮೆ ತೂಗಬೇಕು. ಗ್ಲೆನಿಸ್ ಲಂಗ ತೊಡುವ ವಯಸ್ಸಿನಲ್ಲಿ ಆ ಕಟ್ಟೆಯ ಪಕ್ಕದ ಗಾಜಿನ ಗೂಡಿಗೆ ಹೊಕ್ಕವಳು, ತಲೆ ಪೂರ್ತಿ ಬೆಳ್ಳಗಾದ ಮೇಲೆ ಹೊರಗೆ ಬಂದಳು. ಈ ಮಧ್ಯೆ ಅವಳು ಕಾಣದ ಮೋಸವಿಲ್ಲ. ತುಂಬಿದ ಲಾರಿ ತೂಗುವಾಗ ನೀರಿನ ಟ್ಯಾಂಕಿ ತುಂಬಿಸಿಟ್ಟು, ಖಾಲಿ ತೂಗುವ ಮೊದಲು ಮೂಲೆಯಲ್ಲಿ ಸುರಿದು ಬರುವವರಿದ್ದರು. ಒಂದು ಸಲವಂತೂ ಕ್ರೌಚ್ ಮನೆತನದ ಲಾರಿಯ ಸೀಟಿನ ಕೆಳಗೆ ಅವಿತು ಮಲಗಿದ್ದ ಅವರ ಭಾವಮೈದುನನ ಕಾಲು ಹಿಡಿದು ಎಳೆದು ಹೊರಗೆ ಹಾಕಿದ್ದಳು. ಆತ ನೂರು ಕಿಲೋ ತೂಗುವ ಆಸಾಮಿ. ಅವನನ್ನು ಗೋಧಿ ಎಂದು ಮಾರಲು ಹೊರಟಿದ್ದರು.

ಹೀಗೆ ಬದುಕಿದವಳು ಮನೆಯಲ್ಲಿ ಮಾತ್ರ ಬೇರೆಯಾಗಿರಲು ಸಾಧ್ಯವೇ? ಪಾದ್ರಿ ಹೊಗಳಿದರೆ ಚಂದಾ ಕೇಳಲು ಬಂದಿದ್ದಾನೆ ಎನ್ನುವಳು. ಅದು ನಿಜವೂ ಆಗಿರುತ್ತಿತ್ತು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಬಂದವರ್ಯಾರೂ ಪೂರ್ತಿ ತೂಕದವರಾಗಿರಲಿಲ್ಲ ಎಂದು ಉತ್ತರ ಕೊಡುತ್ತಿದ್ದಳು.

ಅವಳ ಅಡುಗೆಮನೆಯ ಬಾಗಿಲನ್ನು ತಟ್ಟದೆ ಒಳಗೆ ಬರುತ್ತಿದ್ದವನು ಒಬ್ಬನೇ ಒಬ್ಬ, ಆಲ್ಬಿ ಝೆರ್ಬೆ. ಆಲ್ಬಿ ಊರಿನ ನೈಋತ್ಯಕ್ಕೆ, ಕಲ್ಲುಗಣಿಯ ರಸ್ತೆಯಲ್ಲಿ, ಹಳೆಯ ಕಬ್ಬಿಣದ ರಾಶಿ ಮತ್ತು ಕೋಳಿಗಳ ಜೊತೆ ಒಂಟಿಯಾಗಿದ್ದ. ಹೆಂಡತಿ ತೀರಿಕೊಂಡಿದ್ದಳು. ನಮ್ಮ ಊರಿನ ಸ್ವಯಂಸೇವಕರ ಬೆಂಕಿ ತಂಡದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು ಅವನೇ. ಕೂದಲು ಕಪ್ಪಗಿದ್ದಾಗಿನಿಂದ ಆ ಸೀಟಿನಲ್ಲಿ ಅವನನ್ನು ಬಿಟ್ಟು ಬೇರೆಯವರು ಕೂತಿದ್ದನ್ನು ನಾನು ನೋಡಿರಲಿಲ್ಲ. ಗುರುವಾರ ಗುರುವಾರ ಅವನು ಗ್ಲೆನಿಸ್‌ಗೆ ಮೊಟ್ಟೆ ತರುತ್ತಿದ್ದ. ಅವಳು ಅವನ ಎದುರಿಗೇ ಬಟ್ಟಲಿಗೆ ನೀರು ತುಂಬಿ, ಒಂದೊಂದೇ ಮೊಟ್ಟೆ ಮುಳುಗಿಸಿ ನೋಡುತ್ತಿದ್ದಳು. ಹಳೆಯದಾದರೆ ತೇಲುತ್ತದಲ್ಲ, ಅದಕ್ಕೆ. ಆಲ್ಬಿ ಗೋಡೆಗೆ ಒರಗಿ, ಟೋಪಿ ಕೈಯಲ್ಲಿ ಹಿಡಿದು, ನಗುತ್ತಾ ನಿಂತಿರುತ್ತಿದ್ದ.

"ಮುಳುಗಿದ್ವಾ?"

"ಈ ಸಲ ಮುಳುಗಿದಾವೆ."

"ಹಾಗಾದ್ರೆ ಒಂದು ಕಪ್ ಚಹಾ ಕೊಡು."

ಒಂದು ದಿನ ನನಗೆ ತಡೆಯಲಾಗದೆ, "ನಿನಗೆ ಬೇಜಾರಾಗಲ್ವಾ ಆಲ್ಬಿ?" ಎಂದು ಕೇಳಿಯೇ ಬಿಟ್ಟೆ. "ಯಾಕೆ ಬೇಜಾರು? ನನ್ನ ಕೋಳಿ ಮೇಲೆ ನನಗೆ ನಂಬಿಕೆ ಇದೆ, ಅವಳಿಗೆ ಇಲ್ಲ. ನೋಡ್ಕೊಳ್ಲಿ ಬಿಡು" ಎಂದ. ಅವನಿಗೆ ಅನುಮಾನವೆಂಬುದೇ ಗೊತ್ತಿರಲಿಲ್ಲ. ಇಬ್ಬರ ನಡುವೆ ಏನಿತ್ತೋ ನಾನು ಹೆಸರಿಡಲಾರೆ. ಗುರುವಾರಗಳಲ್ಲಿ ಗ್ಲೆನಿಸ್ ತಲೆ ಬಾಚಿಕೊಂಡಿರುತ್ತಿದ್ದಳು, ಅಷ್ಟು ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಗ್ಲೆನಿಸ್ ಬೆಂಕಿ ತಂಡಕ್ಕೆ ಕಾರ್ಯದರ್ಶಿಯಾದಳು. ನಾನು ಅದೇ ತಂಡದ ರೇಡಿಯೋ ನೋಡಿಕೊಳ್ಳುವವಳು. ನಮ್ಮ ನಾಯಕ ಲಿಂಡ್ಸೆ ಕ್ರೌಚ್, ಲಾರಿಯ ಸೀಟಿನ ಕೆಳಗೆ ಮಲಗಿದ್ದವನ ಸೋದರಳಿಯ. ಊರಿನ ಈಶಾನ್ಯಕ್ಕೆ ಕಣ್ಣು ಮುಟ್ಟುವಷ್ಟು ದೂರ ಅವನದೇ ಹೊಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಸಾಸೇಜು ಹುರಿಯಬೇಕು ಎಂಬುದನ್ನೆಲ್ಲ ಅವನೇ ಹೇಳಬೇಕು. ಅವನನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಅದೇ ವರ್ಷ ಗ್ಲೆನಿಸ್ ಗ್ರಂಥಾಲಯದ ಕಂಪ್ಯೂಟರ್ ತರಗತಿಗೆ ಸೇರಿ ಚಿತ್ರ ಬರೆಯುವುದನ್ನು ಕಲಿತಳು. ಚಿತ್ರವೆಂದರೆ ಗಿಡ ಮರ ಅಲ್ಲ, ಲೆಕ್ಕದ ಚಿತ್ರ. ಮೊದಲು ಕಂಬಗಳ ಚಿತ್ರ, ಆಮೇಲೆ ರೊಟ್ಟಿ ಕೊಯ್ದಂಥ ಚಿತ್ರ. ಕೊನೆಗೆ ಅವಳ ಮನಸ್ಸು ನಿಂತದ್ದು ಎಸಳಿನ ಚಿತ್ರದ ಮೇಲೆ. ಅದರಲ್ಲಿ ನಡುವಿನ ಚುಕ್ಕೆಯ ಸುತ್ತ ಎಲ್ಲ ಎಸಳಿಗೂ ಒಂದೇ ಕೋನ. ಯಾವುದರ ಲೆಕ್ಕ ಹೆಚ್ಚೋ ಆ ಎಸಳು ಹೊರಕ್ಕೆ ಚಾಚಿಕೊಳ್ಳುತ್ತದೆ. ನನ್ನ ಹೋಟೆಲಿನ ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಯಾವ ದಿನ ಎಷ್ಟು ಪೈ ಮಾರಾಟವಾಯಿತು ಎಂದು ಏಳು ಎಸಳಿನ ಹೂವೊಂದನ್ನು ಬರೆದು ತೋರಿಸಿದಳು.

"ಶುಕ್ರವಾರ ನೋಡು, ಹೇಗೆ ಉಬ್ಬಿದೆ. ಅವತ್ತು ಜಾಸ್ತಿ ಮಾಡಿ, ಉಳಿದದ್ದನ್ನ ನೀನು ಶನಿವಾರ ಬಿಸಿ ಮಾಡಿ ಕೊಡೋದು ಇದಕ್ಕೇನೇ."

"ನಿನ್ನ ಹೂವು ತಗೊಂಡು ಹೋಗಿ ಗೋರಿ ಮೇಲಿಡು" ಎಂದೆ.

ಆ ಬೇಸಿಗೆ ಕೆಟ್ಟದಾಗಿತ್ತು. ದಿನ ಬಿಟ್ಟು ದಿನ ಎಲ್ಲೋ ಒಂದು ಕಡೆ ಹುಲ್ಲಿಗೆ ಬೆಂಕಿ. ದೊಡ್ಡದೇನಲ್ಲ, ರಸ್ತೆ ಬದಿಯ ಗೇಣು ಹುಲ್ಲು, ಬೇಲಿಯ ನಾಲ್ಕು ಕಂಬ, ಅಷ್ಟೇ. ಆದರೂ ಊರಿನಲ್ಲಿ ಗುಸುಗುಸು ಶುರುವಾಯಿತು. ಯಾರೋ ಬೇಕೆಂದೇ ಹಚ್ಚುತ್ತಿದ್ದಾರೆ ಎಂದರು. ಒಬ್ಬರು ಇನ್ನೊಬ್ಬರ ಜೇಬಿನ ಬೆಂಕಿಪೊಟ್ಟಣ ನೋಡತೊಡಗಿದರು. ನಾನೂ ನನ್ನ ಬಂಕಿಗೆ ಬಂದು ಡಬ್ಬದಲ್ಲಿ ಪೆಟ್ರೋಲ್ ಕೇಳಿದವರ ಮುಖವನ್ನು ಎರಡು ಸಲ ನೋಡಿ ಕೊಡುತ್ತಿದ್ದೆ. ಲಿಂಡ್ಸೆ ಗ್ಲೆನಿಸ್‌ಗೆ ಹೇಳಿದ: "ಯಾವ ದಿಕ್ಕಲ್ಲಿ ಎಷ್ಟು ಬೆಂಕಿ ಅಂತ ನಿನ್ನ ಹೂವಲ್ಲಿ ಬರಿ. ಕಳ್ಳ ಎಲ್ಲಿದ್ದಾನೆ ಅಂತ ನೋಡೇ ಬಿಡೋಣ."

ಗ್ಲೆನಿಸ್ ಶ್ರದ್ಧೆಯಿಂದ ಕೂತಳು. ಒಂದು ಕಾಲಂನಲ್ಲಿ ಎಂಟು ದಿಕ್ಕು, ಪಕ್ಕದ ಕಾಲಂನಲ್ಲಿ ಆ ದಿಕ್ಕಿನಿಂದ ತಂಡಕ್ಕೆ ಬಂದ ಕರೆಗಳ ಲೆಕ್ಕ. ಗುಂಡಿ ಒತ್ತಿದಳು, ಹೂವು ಅರಳಿತು. ಆದರೆ ಅವಳು ಸುಮ್ಮನೆ ಒಪ್ಪುವವಳೇ? ಉತ್ತರದ ಎಸಳು ನೆಟ್ಟಗೆ ಮೇಲೆ ನಿಲ್ಲದೆ ಉತ್ತರದ ಗೆರೆಯಿಂದ ಶುರುವಾಗಿ ಬಲಕ್ಕೆ ವಾಲಿಕೊಂಡದ್ದನ್ನು ಹಿಡಿದಳು. "ನೋಡಿದ್ಯಾ, ಯಂತ್ರಾನೂ ಮೋಸ ಮಾಡುತ್ತೆ" ಎಂದು ಇಡೀ ಹೂವನ್ನು ಅರ್ಧ ಎಸಳಿನಷ್ಟು ಹಿಂದಕ್ಕೆ ತಿರುಗಿಸಿದಳು. ಒಂದು ಮೋಸ ಹಿಡಿದ ಸಂತೋಷದಲ್ಲಿ ಇನ್ನೊಂದು ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ. ಪಾರದರ್ಶಕ ಹಾಳೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಟ್ಯಾಂಕರ್ ನಿಲ್ಲಿಸುವ ಶೆಡ್ಡಿಗೆ ತಂದಳು.

ನಮ್ಮ ಶೆಡ್ಡಿನ ಗೋಡೆಯ ಮೇಲೆ ಸುತ್ತಲಿನ ಸೀಮೆಯ ನಕ್ಷೆಯಿದೆ. ಅದರಲ್ಲಿ ಪ್ರತಿ ಮನೆ, ಪ್ರತಿ ಗೇಟು, ಪ್ರತಿ ನೀರಿನ ಗುಂಡಿಯೂ ಉಂಟು. ನಡುವೆ ನಮ್ಮ ಶೆಡ್ಡು, ಶೆಡ್ಡಿನ ಮೇಲೆ ಕಾವಲು ಗೋಪುರ. ಎಲ್ಲಾದರೂ ಹೊಗೆ ಕಂಡರೆ ಗೋಪುರದ ಮೊಳೆಯಿಂದ ಆ ದಿಕ್ಕಿಗೆ, ಕಣ್ಣಂದಾಜಿನ ದೂರಕ್ಕೆ ದಾರ ಎಳೆದು, ಅದರ ತುದಿ ಮುಟ್ಟಿದ ಜಾಗಕ್ಕೆ ಟ್ಯಾಂಕರ್ ಓಡಿಸುತ್ತೇವೆ. ನಮ್ಮ ಅಪ್ಪಂದಿರೂ ಹಾಗೇ ಮಾಡುತ್ತಿದ್ದರು. ಹೀಗಾಗಿ ಗ್ಲೆನಿಸ್ ತಂದ ಹಾಳೆಯನ್ನು ಲಿಂಡ್ಸೆ ಏನು ಮಾಡಿದನೆಂದು ಬೇರೆ ಹೇಳಬೇಕಿಲ್ಲ. ಅದನ್ನು ನೆಟ್ಟಗೆ ತೆಗೆದುಕೊಂಡು ನಕ್ಷೆಯ ಮೇಲಿಟ್ಟು, ಹೂವಿನ ನಡುವಿನ ಚುಕ್ಕೆಯನ್ನು ಗೋಪುರದ ಮೊಳೆಗೆ ಸಿಕ್ಕಿಸಿದ.

ಏಳು ಎಸಳು ಮೊಳೆಯ ಸುತ್ತ ಮುದುರಿಕೊಂಡಿದ್ದವು. ಎಂಟನೆಯದು, ನೈಋತ್ಯದ್ದು, ಕೆಂಪಗೆ, ಉದ್ದಕ್ಕೆ ಚಾಚಿ ಕಲ್ಲುಗಣಿಯ ರಸ್ತೆಯನ್ನೆಲ್ಲ ಮುಚ್ಚಿ ಕೂತಿತ್ತು. ಅದರ ತುದಿ ಸರಿಯಾಗಿ ಆಲ್ಬಿಯ ಕೋಳಿ ಶೆಡ್ಡಿನ ಮೇಲೆ ಬಿದ್ದಿತ್ತು.

ಆಲ್ಬಿ ಅಲ್ಲೇ ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ತಲೆ ಎತ್ತಿ ನೋಡಿ, "ಅರೆ, ನಮ್ಮನೆ" ಎಂದು ನಕ್ಕ. ಜೊತೆಗೆ ನಗಲು ಒಬ್ಬರೂ ಇರಲಿಲ್ಲ. ಅವನು ಗ್ಲೆನಿಸ್ ಕಡೆ ತಿರುಗಿದ. ನಾನು ಕಣ್ಣಾರೆ ಕಂಡೆ, ಅವಳು ಅವನನ್ನು ನೋಡಿದ್ದು ತೂಕದ ಕಟ್ಟೆಗೆ ಬಂದ ಲಾರಿಯನ್ನು ನೋಡುವ ಅದೇ ಕಣ್ಣಿನಿಂದ.

"ಆಲ್ಬಿ," ಎಂದಳು, "ಆ ಕಡೆ ಹೊಗೆ ಕಂಡ್ತು ಅಂತ ಪ್ರತಿ ಸಲ ಫೋನ್ ಮಾಡ್ತಿದ್ದದ್ದು ನೀನೇ ಅಲ್ವಾ?"

"ಹೌದು. ನಮ್ಮನೆ ದಿಬ್ಬದ ಮೇಲಿದೆಯಲ್ಲ, ಕಾಣುತ್ತೆ."

"ಬೇರೆ ಯಾರಿಗೂ ಕಾಣದ್ದು ನಿನಗೊಬ್ಬನಿಗೇ ಕಾಣುತ್ತೆ."

ಇಷ್ಟು ಸಾಕಾಯಿತು ಲಿಂಡ್ಸೆಗೆ. "ಮುದುಕಾ, ಸ್ವಲ್ಪ ದಿನ ಕೀಲಿ ನನ್ನ ಹತ್ರ ಇರ್ಲಿ" ಎಂದು ಕೈ ಚಾಚಿದ. ಆಲ್ಬಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬೂಟಿನ ದಾರ ಬಿಚ್ಚಿ, ತಂಡದ ಬೂಟನ್ನು ಗೋಡೆಯ ಪಕ್ಕ ಜೋಡಿಸಿಟ್ಟು, ಕೀಲಿಯನ್ನು ಅದರೊಳಗೆ ಹಾಕಿ, ಬರಿ ಕಾಲುಚೀಲದಲ್ಲೇ ತನ್ನ ಪಿಕಪ್ ಹತ್ತಿ ಹೋದ. "ಒಂದು ಬಣ್ಣದ ಹಾಳೆ ನೋಡಿ ಮನುಷ್ಯನ್ನ ಓಡಿಸ್ತೀರಲ್ಲ, ನಿಮ್ಮ ತಲೆಯಲ್ಲೇನು ಹೊಟ್ಟು ತುಂಬಿದೆಯಾ?" ಎಂದು ಇಬ್ಬರಿಗೂ ಸೇರಿಸಿ ಬೈದೆ. ಲಿಂಡ್ಸೆ ಗೋಡೆ ತೋರಿಸಿ, "ನಾನು ಹೇಳ್ತಿಲ್ಲ ಕಾರ್ಮೆಲ್, ಅದು ಹೇಳ್ತಿದೆ" ಎಂದ.

ಪೊಲೀಸಿನವನು ಬಂದು ಆಲ್ಬಿಯ ಮನೆ, ಶೆಡ್ಡು, ಪಿಕಪ್ ಎಲ್ಲ ತಡಕಿ, ಏನೂ ಸಿಗದೆ ಹೋದ. ಸಿಗದಿದ್ದರೆ ಇನ್ನೂ ಅನುಮಾನ ಹೆಚ್ಚು, ಎಲ್ಲವನ್ನೂ ಅಡಗಿಸಿದ್ದಾನೆ ಎಂದರು. ಕಿರಾಣಿಯವಳು ಅವನಿಗೆ ಬೆಂಕಿಪೊಟ್ಟಣ ಕೊಡುವುದಿಲ್ಲವೆಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳಂತೆ. ಚರ್ಚಿನಲ್ಲಿ ಅವನು ಕೂರುವ ಬೆಂಚಿನಲ್ಲಿ ಅವನೊಬ್ಬನೇ ಉಳಿದ. ಗುರುವಾರ ಬಂತು, ಮೊಟ್ಟೆ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಗ್ಲೆನಿಸ್ ನನ್ನಲ್ಲಿಗೆ ಬಂದು ಡಬ್ಬಿಯಲ್ಲಿದ್ದ ಅಂಗಡಿ ಮೊಟ್ಟೆ ಕೊಂಡಳು. "ಇದನ್ನೂ ಮುಳುಗಿಸಿ ನೋಡ್ತೀಯೇನೇ?" ಎಂದು ಚುಚ್ಚಿದೆ. ಅವಳು ಚಿಲ್ಲರೆ ಎಣಿಸಿಟ್ಟು ಹೋದಳು.

ಚಳಿಗಾಲ ಕಾಲಿಟ್ಟಾಗ ಒಂದು ಮಧ್ಯಾಹ್ನ ಫೋನ್ ಮಾಡಿ ನನ್ನನ್ನು ಮನೆಗೆ ಕರೆದಳು. ಅಡುಗೆಮನೆಯ ಮೇಜಿನ ಮೇಲೆ ಕತ್ತರಿ, ರಟ್ಟಿನ ಚೂರು, ಅವಳ ಹಿಟ್ಟು ತೂಗುವ ತಕ್ಕಡಿ ಇದ್ದವು. ಹೂವಿನ ಚಿತ್ರವನ್ನು ರಟ್ಟಿಗೆ ಅಂಟಿಸಿ ಎಸಳುಗಳನ್ನು ಬೇರೆ ಬೇರೆ ಕತ್ತರಿಸಿದ್ದಳು. ಬದುಕೆಲ್ಲ ತೂಕದ ಕಟ್ಟೆಯಲ್ಲಿ ಕಳೆದವಳಿಗೆ ಕೊನೆಗೆ ಕಾಗದವನ್ನೂ ತೂಗುವ ಬುದ್ಧಿ ಬಂದಿತ್ತು.

"ಪೂರ್ವದಲ್ಲಿ ನಾಲ್ಕು ಬೆಂಕಿ, ನೈಋತ್ಯದಲ್ಲಿ ಹನ್ನೆರಡು. ಎಷ್ಟು ಪಟ್ಟು ಹೇಳು."

"ಮೂರು. ನನಗೇನು ಮಗ್ಗಿ ಬರಲ್ಲ ಅಂದ್ಕೊಂಡ್ಯಾ?"

"ತಕ್ಕಡೀಲಿ ನೋಡು. ಈ ಒಂದು ಎಸಳಿನ ತೂಕಕ್ಕೆ ಅಂಥವು ಒಂಬತ್ತು ಬೇಕು."

ನೋಡಿದೆ. ಒಂಬತ್ತು ಬೇಕಾದವು. ಆಗ ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ವಿವರಿಸಿದಳು. ಆ ಸಾಫ್ಟ್‌ವೇರು ಲೆಕ್ಕವನ್ನು ಎಸಳಿನ ಉದ್ದಕ್ಕೆ ಹಾಕುತ್ತಿತ್ತು. ಉದ್ದ ಮೂರು ಪಟ್ಟಾದರೆ ಎಸಳು ಅಗಲಕ್ಕೂ ಮೂರು ಪಟ್ಟು ಹಿಗ್ಗುತ್ತದೆ. ನೋಡುವವನ ಕಣ್ಣು ಅಳೆಯುವುದು ಉದ್ದವನ್ನಲ್ಲ, ಬಣ್ಣ ತುಂಬಿದ ಜಾಗವನ್ನು. ಜಾಗ ಲೆಕ್ಕಕ್ಕೆ ಸರಿಯಾಗಿ ಬರಬೇಕಾದರೆ ಲೆಕ್ಕದ ವರ್ಗಮೂಲ ತೆಗೆದು ಉದ್ದ ಕೊಡಬೇಕು. ಹೊಸ ಕಾಲಂ ಬರೆದು, ವರ್ಗಮೂಲ ಹಾಕಿ, ಮತ್ತೆ ಗುಂಡಿ ಒತ್ತಿದಳು. ನೈಋತ್ಯದ ಎಸಳು ಬಾಲ ಮುದುಡಿದ ನಾಯಿಯಂತೆ ಒಳಕ್ಕೆ ಸರಿಯಿತು.

"ಅವನ ಮನೆ ಮುಟ್ಟೋದೇ ಇಲ್ಲ ಈಗ" ಎಂದೆ.

"ಮುಟ್ಟೋಕೆ ಅದೇನು ದಾರನಾ ಕಾರ್ಮೆಲ್? ಉದ್ದ ಅಂದ್ರೆ ದೂರ ಅಲ್ಲ. ದೊಡ್ಡ ಹಾಳೇಲಿ ಅಚ್ಚು ಹಾಕಿಸಿದ್ರೆ ಅದು ಸಮುದ್ರದವರೆಗೂ ಹೋಗ್ತಿತ್ತು. ಅದನ್ನ ನಕ್ಷೆ ಮೇಲೆ ಇಡೋವಾಗ ನಾನು ಅಲ್ಲೇ ನಿಂತಿದ್ದೆ, ತಡೀಲಿಲ್ಲ." ಅವಳು ಆ ಕೆಂಪು ರಟ್ಟಿನ ಎಸಳನ್ನು ತಕ್ಕಡಿಯಿಂದ ತೆಗೆದಳು. "ಊರಲ್ಲಿ ಎಲ್ಲರನ್ನೂ ಅನುಮಾನಿಸಿದೆ. ನಾನು ಬರೆದದ್ದೊಂದನ್ನ ಬಿಟ್ಟೆ."

ಹೊಸ ಚಿತ್ರ ಹಿಡಿದು ಲಿಂಡ್ಸೆಯ ಮನೆಗೆ ಹೋದಳು. ಅವನು ಬಾಗಿಲಲ್ಲೇ ನಿಂತು ನೋಡಿ, "ಚಿಕ್ಕದಾಗಿದೆ, ಸರಿ. ಆದ್ರೂ ಎಲ್ಲಕ್ಕಿಂತ ದೊಡ್ಡದು ಅದೇ ತಾನೇ?" ಎಂದ. ಅದು ಸುಳ್ಳಲ್ಲ. ಗ್ಲೆನಿಸ್ ಚಿತ್ರ ಮಡಚಿಕೊಂಡು ಬಂದಳು. ಟ್ಯಾಂಕರ್ ಕೀಲಿ ಲಿಂಡ್ಸೆಯ ಅಳಿಯನ ಕೈ ಸೇರಿತು. ಗಾಡಿಯ ಹಿಂಬದಿ ನೋಡದೆ ಎರಡು ಗೇಟು ಮುರಿದ ಮಹಾಶಯ ಅವನು.

ಮುಂದಿನ ಬೇಸಿಗೆ ಬಂತು; ಭೂಮಿಯ ಈ ದಕ್ಷಿಣ ತುದಿಯಲ್ಲಿ ಬೇಸಿಗೆ ಡಿಸೆಂಬರಿನಲ್ಲೇ ಶುರು. ಕ್ರಿಸ್ಮಸ್ ಮುಗಿದು, ಹೊಸ ವರ್ಷ ಮುಗಿದು, ಫೆಬ್ರವರಿಯ ಸಭೆಗೆ ಗ್ಲೆನಿಸ್ ಹೊಸ ಹೂವು ಬರೆದು ತಂದಳು. ಈ ಸಲ ವರ್ಗಮೂಲ ಹಾಕಿದ ಸರಿಯಾದ ಚಿತ್ರ. ಏಳು ಎಸಳು ಹೆಚ್ಚುಕಡಿಮೆ ಹಿಂದಿನ ವರ್ಷದಷ್ಟೇ ಇದ್ದವು. ನೈಋತ್ಯದಲ್ಲಿ ಏನೂ ಇಲ್ಲ. ಹಲ್ಲು ಬಿದ್ದ ಬಾಯಿಯಂತೆ ಅಲ್ಲೊಂದು ಖಾಲಿ.

ಲಿಂಡ್ಸೆ ಎದ್ದು ನಿಂತು ತೊಡೆ ತಟ್ಟಿಕೊಳ್ಳುವುದೊಂದು ಬಾಕಿ. "ಇನ್ನೇನು ಬೇಕು? ಆಸಾಮೀನ ಇಳಿಸಿದ್ವಿ, ಬೆಂಕಿ ನಿಂತ್ಹೋಯ್ತು." ಎಲ್ಲರೂ ತಲೆಯಾಡಿಸಿದರು. ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಸುತ್ತಿ ಬಂತು. ಒಂದು ಗಳಿಗೆ ನನಗೂ ಆಲ್ಬಿಯ ಮೇಲೆ ಅನುಮಾನ ಬಂತು. ಗ್ಲೆನಿಸ್ ಮಾತ್ರ ಆ ಖಾಲಿ ಜಾಗದ ಮೇಲಿಂದ ಕಣ್ಣು ಕೀಳಲಿಲ್ಲ. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದುಕೊಂಡು ಹೇಳಿದಳು: "ಎಂಥ ಖಾಲಿ ಲಾರಿ ಬಂದ್ರೂ ತೂಕದ ಕಟ್ಟೆ ಸೊನ್ನೆ ತೋರಿಸಲ್ಲ. ಸೊನ್ನೆ ತೋರಿಸ್ತು ಅಂದ್ರೆ ಕಟ್ಟೆ ಕೆಟ್ಟಿದೆ ಅಂತ ಅರ್ಥ. ನಾಳೆ ಗಾಡಿ ತಗೊಂಡು ಬಾ."

ಮರುದಿನ ಕಲ್ಲುಗಣಿಯ ರಸ್ತೆ ಹಿಡಿದೆವು. ಅರ್ಧ ದಾರಿಯಲ್ಲೇ ಗ್ಲೆನಿಸ್ ನಿಲ್ಲಿಸು ಎಂದಳು. ರಸ್ತೆಯ ಅಂಚಿನಲ್ಲಿ ಚಾಪೆ ಹಾಸಿದಷ್ಟು ಹುಲ್ಲು ಸುಟ್ಟು ಕಪ್ಪಾಗಿತ್ತು. ಮುಂದೆ ಇನ್ನೊಂದು. ವಿದ್ಯುತ್ ಕಂಬದ ಬುಡದಲ್ಲಿ ಮತ್ತೊಂದು. ಎಲ್ಲದರ ಸುತ್ತಲೂ ಮಣ್ಣು ಕೆದರಿ, ನೀರು ಸಿಂಪಡಿಸಿದ ಗುರುತಿತ್ತು.

ಆಲ್ಬಿ ಕೋಳಿ ಶೆಡ್ಡಿನ ಮುಂದೆ ಕೂತಿದ್ದ. ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಡಬ್ಬ ಪಕ್ಕದಲ್ಲಿತ್ತು. ಒಂದು ಕೈಗೆ ಬಟ್ಟೆ ಸುತ್ತಿತ್ತು. ನಮ್ಮನ್ನು ಕಂಡು ಏಳಲೂ ಇಲ್ಲ, ಹೋಗಿ ಎನ್ನಲೂ ಇಲ್ಲ.

"ಆ ಬೆಂಕಿಗಳನ್ನ ಯಾರು ಆರಿಸಿದ್ದು?" ಎಂದಳು ಗ್ಲೆನಿಸ್.

"ಕೋಳಿಗಳು."

"ಆಲ್ಬಿ."

"ಇನ್ಯಾರು ಆರಿಸ್ತಾರೆ? ಗಣಿ ಲಾರಿಗಳಿಂದ ಕಿಡಿ ಬೀಳುತ್ತೆ. ಗಾಳಿಗೆ ತಂತಿ ತಾಗುತ್ತೆ. ಯಾವಾಗ್ಲೂ ಆಗ್ತಿದ್ದದ್ದೇ."

"ಫೋನ್ ಯಾಕೆ ಮಾಡ್ಲಿಲ್ಲ?"

ಅವನು ಕೈಯ ಬಟ್ಟೆಯನ್ನು ಬಿಗಿ ಮಾಡಿಕೊಂಡ. "ಫೋನ್ ಮಾಡಿದ್ರೆ ನಿನ್ನ ಎಸಳು ಉದ್ದ ಆಗುತ್ತಲ್ಲ, ಗ್ಲೆನ್" ಎಂದ.

ಗ್ಲೆನಿಸ್ ಅಲ್ಲೇ ಇದ್ದ ಮಗುಚಿದ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಬೇರೆ ರೈತರು ತಮ್ಮ ಹೊಲಕ್ಕೆ ಬಿದ್ದ ಬೆಂಕಿಯನ್ನು ತಾವೇ ಆರಿಸಿ ಸುಮ್ಮನಿರುತ್ತಾರೆ. ಆಲ್ಬಿಯೊಬ್ಬನೇ ತಂಡದ ಶಿಸ್ತೆಂದು ಕಡ್ಡಿಯಷ್ಟು ಹೊಗೆ ಕಂಡರೂ ತಿಳಿಸುತ್ತಿದ್ದ. ಅವಳು ಇಷ್ಟು ದಿನ ಎಣಿಸಿದ್ದು ಬೆಂಕಿಯನ್ನಲ್ಲ, ಅವನ ನಿಯತ್ತನ್ನು. ಇದು ನಮ್ಮಿಬ್ಬರಿಗೂ ಆ ಅಂಗಳದಲ್ಲಿ ಒಟ್ಟಿಗೇ ತಿಳಿಯಿತು.

"ಬರೋ ಸಭೇಲಿ ಎಲ್ಲರ ಮುಂದೆ ಹೇಳ್ತೀನಿ. ಅಲ್ಲಿವರೆಗೆ ನನಗಾದ್ರೂ ಫೋನ್ ಮಾಡು" ಎಂದಳು.

"ಯಾಕೆ, ಮುಳುಗಿಸಿ ನೋಡೋಕಾ?" ಎಂದ ಆಲ್ಬಿ. ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಸಭೆಯವರೆಗೆ ಬೆಂಕಿ ಕಾಯಲಿಲ್ಲ. ಶನಿವಾರ ಉತ್ತರದ ಬಿಸಿ ಗಾಳಿ ಎದ್ದಿತು. ಹೊರಗೆ ಕಾಲಿಟ್ಟರೆ ಹಬೆಯ ಪಾತ್ರೆಯ ಮುಚ್ಚಳ ತೆಗೆದಂತಿತ್ತು. ನಾನು ಬಂಕಿನಲ್ಲಿ ನಿಂತಿದ್ದೆ. ನೈಋತ್ಯದಲ್ಲಿ ಹೊಗೆ ಕಂಡಿತು. ತೆಳ್ಳಗಿನ ಹೊಗೆಯಲ್ಲ, ಆಗಲೇ ಕಪ್ಪಗೆ ದಪ್ಪವಾಗಿತ್ತು. ಯಾರೂ ಕರೆ ಮಾಡಿರಲಿಲ್ಲ. ರೇಡಿಯೋ ಹಿಡಿದು ಕೂಗಿದೆ. ಲಿಂಡ್ಸೆಯ ಅಳಿಯ ಆಲ್ಬಿಯ ಗೇಟು ಸಿಗದೆ ಗಣಿಯ ತನಕ ಹೋಗಿ ತಿರುಗಿ ಬಂದ. ನಾನು ಗ್ಲೆನಿಸ್ ಜೊತೆ ಅಲ್ಲಿಗೆ ತಲುಪಿದಾಗ ಆಲ್ಬಿ ಒಬ್ಬನೇ, ಬೆನ್ನಿಗೆ ಆ ಡಬ್ಬ ಕಟ್ಟಿಕೊಂಡು, ಹುಬ್ಬು ಸುಟ್ಟುಕೊಂಡು, ಮನೆಯ ಗೋಡೆಗೆ ನೀರು ಹೊಡೆಯುತ್ತಿದ್ದ. ಮನೆ ಉಳಿಯಿತು. ಶೆಡ್ಡು ಹೋಯಿತು, ಅದರ ಜೊತೆ ಕೋಳಿಗಳೆಲ್ಲ ಹೋದವು.

ಬೆಂಕಿ ಆರಿದ ಮೇಲೆ ಲಿಂಡ್ಸೆ ಹೆಲ್ಮೆಟ್ ತೆಗೆದು, ಸುಟ್ಟ ನೆಲ ನೋಡುತ್ತಾ, ಮೆಲ್ಲಗೆ ಶುರು ಮಾಡಿದ: "ನೋಡಿ, ಮತ್ತೆ ಇಲ್ಲೇ. ಇವನ ಅಂಗಳದಲ್ಲೇ."

ಗ್ಲೆನಿಸ್ ಅವನ ಮುಂದೆ ಹೋಗಿ ನಿಂತಳು. ಅವನ ಎದೆಯ ಎತ್ತರಕ್ಕೂ ಬರುವುದಿಲ್ಲ ಅವಳು. "ಹೋದ ಸುಗ್ಗೀಲಿ ನಿನ್ನ ಕೊಯ್ಲು ಯಂತ್ರದ ಹಿಂದೆ ಬೆಂಕಿ ಬಿದ್ದಿತ್ತಲ್ಲ, ಲಿಂಡ್ಸೆ. ಈಗ್ಲೂ ಆ ಹೊಲದಲ್ಲಿ ಕಪ್ಪು ಕಲೆ ಇದೆ, ನಾನು ಬೇಲಿ ಪಕ್ಕ ನಿಂತು ನೋಡಿ ಬಂದಿದೀನಿ. ಯಾರಿಗೆ ಫೋನ್ ಮಾಡಿದ್ದೆ?"

ಲಿಂಡ್ಸೆ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡ.

"ನೀನು ಹೇಳ್ಲಿಲ್ಲ, ಈಶಾನ್ಯ ಸಣ್ಣದಾಯ್ತು. ಇವನು ಹೇಳ್ದ, ನೈಋತ್ಯ ದೊಡ್ಡದಾಯ್ತು. ಚಿತ್ರ ಬರೆದೋಳು ನಾನು. ತಪ್ಪು ಬರೆದೆ, ತಪ್ಪಾಗಿ ಓದಿದೆ. ಇವತ್ತು ಇವನು ಫೋನ್ ಮಾಡ್ದೆ ಇದ್ದದ್ದು ನನ್ನಿಂದ. ಇನ್ನು ಯಾರಾದ್ರೂ ಇವನ ಹೆಸರೆತ್ತಿದ್ರೆ ಮೊದಲು ನನ್ನ ಹತ್ರ ಬನ್ನಿ." ಅಲ್ಲಿದ್ದವರು ಒಬ್ಬೊಬ್ಬರಾಗಿ ನೀರಿನ ಪೈಪು ಸುತ್ತತೊಡಗಿದರು.

ಮುಂದಿನ ವಾರ ಲಿಂಡ್ಸೆ ಟ್ಯಾಂಕರ್ ಕೀಲಿ ಕಳಿಸಿಕೊಟ್ಟ. ಆಲ್ಬಿ ಅದನ್ನು ತಂದವನ ಕೈಯಲ್ಲೇ ವಾಪಸು ಕಳಿಸಿದ. ಗ್ಲೆನಿಸ್ ನಕ್ಷೆಯ ಮೇಲೆ ಬೇರೆ ಹಾಳೆ ಇಡಕೂಡದೆಂದು ನಿಯಮ ಮಾಡಿಸಿದಳು. ಹೊಸ ಚಿತ್ರದಲ್ಲಿ ಪ್ರತಿ ಎಸಳಿನ ಪಕ್ಕದಲ್ಲೂ ಕರೆ ಮಾಡಿದವರು ಯಾರೆಂದು ಬರೆದಳು. ಅದನ್ನು ನೋಡಿ ಊರಿನವರಿಗೆ ಸ್ವಲ್ಪ ನಾಚಿಕೆಯಾಯಿತು, ಬಹಳವೇನಲ್ಲ.

ಶರತ್ಕಾಲದ ಒಂದು ಗುರುವಾರ ಅವಳು ತಲೆ ಬಾಚಿಕೊಂಡು ನನ್ನ ಬಂಕಿಗೆ ಬಂದಳು. ಕಾರಿನ ಹಿಂದಿನ ಸೀಟಿನಲ್ಲಿ ಪಂಜರ, ಅದರಲ್ಲಿ ಎಳೆಯ ಕೋಳಿಗಳು. "ಜೊತೆಗೆ ಬಾ" ಎಂದಳು. ನಾನು ಅಂಗಡಿಗೆ ಬೀಗ ಹಾಕಿ ಹೊರಟೆ.

ಆಲ್ಬಿ ತಗಡು ಹೊಡೆದು ಹೊಸ ಗೂಡು ಕಟ್ಟುತ್ತಿದ್ದ. ಗ್ಲೆನಿಸ್ ಪಂಜರ ಇಳಿಸಿ ಅವನ ಮುಂದಿಟ್ಟಳು. ಅವನು ಸುತ್ತಿಗೆ ಕೆಳಗಿಟ್ಟು ಪಂಜರವನ್ನು ನೋಡಿದ, ಅವಳನ್ನು ನೋಡಿದ.

"ಯಾಕೆ?"

"ಸುಮ್ನೆ."

"ಸುಮ್ನೆ ಯಾರೂ ಏನೂ ಕೊಡಲ್ಲ."

ಪಂಜರದ ಬಾಗಿಲು ತೆಗೆದು ಒಂದು ಕೋಳಿಯನ್ನು ಹೊರಗೆಳೆದ. ರೆಕ್ಕೆ ಎತ್ತಿ ನೋಡಿದ. ಕಣ್ಣು, ಕಾಲು, ಬಾಲದ ಬುಡ ನೋಡಿದ. ಕೈಯಲ್ಲಿ ತೂಗಿ ನೋಡಿ ಕೆಳಗೆ ಬಿಟ್ಟ. ಇನ್ನೊಂದನ್ನು ತೆಗೆದ. ಅದನ್ನೂ ಹಾಗೇ ನೋಡಿದ. ಆತುರವಿರಲಿಲ್ಲ ಅವನಿಗೆ. ಗ್ಲೆನಿಸ್ ಬೇಲಿಯ ಕಂಬಕ್ಕೆ ಒರಗಿ, ಹಿಂದೆ ಅವನು ಅವಳ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದ ಹಾಗೇ ನಿಂತಳು. ನಗಲು ನೋಡಿದಳು, ಆಗಲಿಲ್ಲ. ಕೊನೆಯ ಕೋಳಿಯನ್ನೂ ನೋಡಿ ಮುಗಿಸಿ ಆಲ್ಬಿ ಸುತ್ತಿಗೆ ಎತ್ತಿಕೊಂಡ.

"ಸರಿ, ಇರ್ಲಿ" ಎಂದ. ಚಹಾ ಕುಡಿಯಿರಿ ಎನ್ನಲಿಲ್ಲ.

ತಿರುಗಿ ಬರುವಾಗ ನಾನೇ ಗಾಡಿ ಓಡಿಸಿದೆ. ಸುಟ್ಟ ಹುಲ್ಲಿನಲ್ಲಿ ಅಲ್ಲಲ್ಲಿ ಹಸಿರು ಬಂದಿತ್ತು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿತ್ತು. "ಅಷ್ಟು ದೂರದಿಂದ ತಂದು ಕೊಟ್ರೆ, ಕದ್ದ ಮಾಲು ನೋಡ್ದಂಗೆ ನೋಡ್ತಾನಲ್ಲ" ಎಂದು ಗೊಣಗಿದೆ.

"ಸರಿಯಾಗೇ ನೋಡ್ದ. ನಾನಾಗಿದ್ರೂ ನೋಡ್ತಿದ್ದೆ" ಎಂದಳು ಗ್ಲೆನಿಸ್. ಸ್ವಲ್ಪ ಹೊತ್ತಾದ ಮೇಲೆ, "ಅವನಿಗೆ ಅದು ಬರ್ತಿರ್ಲಿಲ್ಲ, ಕಾರ್ಮೆಲ್. ನಾನು ಕಲಿಸಿದ್ದು" ಎಂದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, ಊರು ಬರುವವರೆಗೂ ಅತ್ತಳು.